ಕಾರಿಗೆ ಚಾರ್ಜರ್ ಹಾಕಿದ್ರೆ ಕರೆಂಟು ಬಿಲ್ಲು ಏರ್ತದಾ? ಓದುಗರ ಪ್ರಶ್ನೆ, ಶೆಡ್ಡಿನ ಉತ್ತರ

ಮಳೆ ಹನಿ ಬಿಡುವು ಕೊಡ್ತು ಅಂದ್ರೆ ಸಾಕು, ನಮ್ಮ ಕಡೆ ಎಲ್ಲರೂ ಕೊಟ್ಟಿಗೆ ಪಕ್ಕದ ಶೆಡ್ಡಲ್ಲಿ ನಿಂತಿದ್ದ ಗಾಡಿ ಹತ್ರ ಹೋಗ್ತಾರೆ, ಕೀ ತಿರುಗಿಸ್ತಾರೆ, ಅದು ಕಟ್ ಕಟ್ ಅಂತದೆ, ಮುಗೀತು ಕತೆ. ಆಮೇಲೆ ಈ ಅಂಕಣಕ್ಕೆ ಪತ್ರ. ಈ ಸಲ ಬಂದದ್ರಲ್ಲಿ ಮುಕ್ಕಾಲು ಪಾಲು ಕಾರಿನ ಪ್ರಶ್ನೆ ಅಂತ ಶುರುವಾಗಿ ಮನೆ ಕರೆಂಟಿನಲ್ಲಿ ಮುಗಿದಿವೆ, ಹಾಗಾಗಿ ಎರಡನ್ನೂ ಒಟ್ಟಿಗೇ ಹಿಡ್ಕೊಂಡಿದ್ದೇನೆ. ಬರೆದವರ ಹೆಸರು ಹಾಕೋದಿಲ್ಲ, ಊರು ಮಾತ್ರ.

ಪ್ರಶ್ನೆ: ನಂದು ಹಳೇ ಮಾರುತಿ 800. ಮಳೆಗಾಲದಲ್ಲಿ ವಾರಕ್ಕೊಮ್ಮೆ ಪೇಟೆಗೆ ಹೋಗೋದು ಬಿಟ್ರೆ ಗಾಡಿ ಶೆಡ್ಡಲ್ಲೇ ಇರ್ತದೆ. ಬ್ಯಾಟರಿ ಇಳೀತದೆ ಅಂತ ಚಾರ್ಜರ್ ತಂದು ವಾರಕ್ಕೆ ಎರಡು ರಾತ್ರಿ ಹಾಕಿಡ್ತೇನೆ. ಗೃಹಜ್ಯೋತಿಯಲ್ಲಿ ನಮ್ಮನೆ ಲೆಕ್ಕ 88 ಯೂನಿಟ್, ಬಿಲ್ಲು ಸೊನ್ನೆ ಬರ್ತಿತ್ತು. ಈ ಎರಡು ತಿಂಗಳಿಂದ 140ರ ಹತ್ರ ಹೋಗ್ತಾ ಇದೆ. ಮನೇಲಿ ಎಲ್ಲರೂ ಸೇರಿ ಚಾರ್ಜರ್ ಮೇಲೆ ಗೂಬೆ ಕೂರಿಸಿದಾರೆ. ಹೌದಾ?
(ಶಿರಸಿ ಹತ್ತಿರದ ಹಳ್ಳಿ)

ಉತ್ತರ: ಅಲ್ಲ ಮಾರಾಯ್ರೆ, ಚಾರ್ಜರ್ ಪಾಪದ್ದು. ಲೆಕ್ಕ ಹಾಕೋಣ ಬನ್ನಿ. ನಿಮ್ಮ ಗಾಡಿ ಬ್ಯಾಟರಿ 12 ವೋಲ್ಟ್, 35 ಆಂಪಿಯರ್ ಅವರ್ ಅಂತ ಇಟ್ಕೊಳ್ಳಿ. ಎರಡನ್ನೂ ಗುಣಿಸಿದ್ರೆ 420 ವಾಟ್ ಅವರ್, ಅಂದ್ರೆ ಅರ್ಧ ಯೂನಿಟ್ಟೂ ಇಲ್ಲ. ಚಾರ್ಜರ್ ಬಿಸಿಯಾಗೋದು, ಬ್ಯಾಟರಿ ಒಳಗೆ ಹಾಳಾಗೋದು ಎಲ್ಲಾ ಸೇರಿಸಿದ್ರೂ ಪೂರ್ತಿ ಖಾಲಿ ಬ್ಯಾಟರಿ ತುಂಬ್ಲಿಕ್ಕೆ ಮುಕ್ಕಾಲು ಯೂನಿಟ್ ಆಗ್ಬಹುದು. ನೀವು ಹಾಕೋವಾಗ ಅದು ಪೂರ್ತಿ ಖಾಲಿನೂ ಇರೋದಿಲ್ಲ. ತಿಂಗಳಿಗೆ ಎಂಟು ರಾತ್ರಿ ಅಂದ್ರೆ ಜಾಸ್ತಿ ಅಂದ್ರೂ ಆರು ಯೂನಿಟ್. ನಿಮಗೆ ಏರಿದ್ದು ಐವತ್ತರ ಮೇಲೆ. ಉಳಿದ ನಲವತ್ತೈದು ಯಾರು ತಿಂದ್ರು?

ನಾನು ಮೊದಲು ಬಚ್ಚಲಿಗೆ ಹೋಗಿ ನೋಡ್ತೇನೆ. ಬೇಸಿಗೆಯಲ್ಲಿ ಹಂಡೆ ಒಲೆಗೆ ಅಡಿಕೆ ಸೋಗೆ, ಕಟ್ಟಿಗೆ ಹಾಕಿ ನೀರು ಕಾಯಿಸ್ತೀರಿ, ಮಳೆಗಾಲದಲ್ಲಿ ಕಟ್ಟಿಗೆ ಹಸಿ, ಊದಿ ಊದಿ ಕಣ್ಣು ಕೆಂಪಾಗಿ ಕಡೆಗೆ ಯಾರೋ ಒಬ್ರು ಬಕೆಟಿಗೆ ಕಾಯಿಲ್ ಬಿಡ್ತಾರೆ. ಆ ಕಾಯಿಲ್ 1500 ವಾಟ್. ದಿನಕ್ಕೆ ಒಂದು ತಾಸು ಅಂದ್ರೆ ಒಂದೂವರೆ ಯೂನಿಟ್, ಮೂವತ್ತು ದಿನಕ್ಕೆ 45. ಸಿಕ್ತಲ್ಲ ನಿಮ್ಮ ನಲವತ್ತೈದು! ಇದೇ ಅಂತ ನಾನು ಆಣೆ ಹಾಕೋದಿಲ್ಲ, ಆದ್ರೆ ಚಾರ್ಜರ್‌ಗೆ ಬೈಯೋ ಮೊದ್ಲು ಮನೇಲಿ ಕೇಳಿ ನೋಡಿ.

ಎರಡನೇ ಅನುಮಾನ ಇನ್ವರ್ಟರ್ ಮೇಲೆ. ನಾಲ್ಕೈದು ವರ್ಷ ಹಳೇ ಬ್ಯಾಟರಿ ಇದ್ರೆ ಅದು ತುಂಬೋದೇ ಇಲ್ಲ, ಇಪ್ಪತ್ನಾಲ್ಕು ತಾಸೂ ಎಳೀತಾನೇ ಇರ್ತದೆ. ಕೈ ಇಟ್ಟು ನೋಡಿ, ಬ್ಯಾಟರಿ ಬೆಚ್ಚಗಿದ್ರೆ, ನೀರು ತಿಂಗಳೊಳಗೆ ಇಳೀತಿದ್ರೆ ಅದು ನಿಮ್ಮ ಮನೆಯ ಕುಂಭಕರ್ಣ. ಸುಮ್ನೆ ನೂರು ವಾಟ್ ಎಳೀತಾ ಕೂತ್ರೂ ತಿಂಗಳಿಗೆ 72 ಯೂನಿಟ್.

ಅನುಮಾನ ಬಿಟ್ಟು ಕಣ್ಣಾರೆ ನೋಡ್ಬೇಕು ಅಂದ್ರೆ ಮೀಟರ್ ಇದೆಯಲ್ಲ. ಅದರ ಮುಖದ ಮೇಲೆ 3200 ಇಂಪ್ ಪರ್ ಕಿಲೋವಾಟ್ ಅವರ್ ಅಂತಲೋ 1600 ಅಂತಲೋ ಬರೆದಿರ್ತದೆ, ಪಕ್ಕದಲ್ಲಿ ಒಂದು ಸಣ್ಣ ಕೆಂಪು ದೀಪ ಮಿಟುಕ್ತಾ ಇರ್ತದೆ. 3200 ಅಂದ್ರೆ ಅಷ್ಟು ಸಲ ಮಿಟುಕಿದ್ರೆ ಒಂದು ಯೂನಿಟ್. ರಾತ್ರಿ ಎಲ್ಲರೂ ಮಲಗಿದ ಮೇಲೆ ಫ್ರಿಜ್ ಪ್ಲಗ್ ತೆಗೀರಿ, ಇನ್ವರ್ಟರಿನ ಪ್ಲಗ್ಗೂ ತೆಗೀರಿ, ಎಲ್ಲಾ ಸ್ವಿಚ್ ಆರಿಸಿ, ಮೇನ್ ಮಾತ್ರ ಇರ್ಲಿ, ಬ್ಯಾಟರಿ ಹಿಡ್ಕೊಂಡು (ಕಾರಿಂದಲ್ಲ, ಕೈ ಬ್ಯಾಟರಿ) ಮೀಟರ್ ಮುಂದೆ ಐದು ನಿಮಿಷ ನಿಂತ್ಕೊಳ್ಳಿ. ದೀಪ ಮಿಟುಕಲೇಬಾರದು. ಈಗ ಕಾರಿನ ಚಾರ್ಜರ್ ಒಂದೇ ಹಾಕಿ ಎಣಿಸಿ. 3200ರ ಮೀಟರ್ ಆದ್ರೆ ನೂರು ವಾಟಿಗೆ ಹನ್ನೊಂದು ಸೆಕೆಂಡಿಗೊಮ್ಮೆ ಮಿಟುಕ್ತದೆ. ಅದನ್ನ ತೆಗೆದು ಕಾಯಿಲ್ ಹಾಕಿ, ಸೆಕೆಂಡಿಗೆ ಒಂದಕ್ಕಿಂತ ಜಾಸ್ತಿ, ಎಣಿಸ್ಲಿಕ್ಕೇ ಆಗೋದಿಲ್ಲ. ಮನೆಯವರನ್ನ ಕರೆದು ತೋರಿಸಿ, ಮಾತಾಡೋ ಅಗತ್ಯನೇ ಬೀಳೋದಿಲ್ಲ.

ಏನೂ ಹಾಕದೆನೂ ಮಿಟುಕ್ತಾ ಇದ್ರೆ ಎಲ್ಲೋ ಸೋರ್ತಾ ಇದೆ ಅಂತ ಅರ್ಥ. ಬಾವಿ ಪಂಪಿನ ಕೇಬಲ್, ಅಂಗಳದ ದೀಪ, ಹಳೇ ಅಟ್ಟದಲ್ಲಿ ಇಲಿ ಕಡಿದ ವೈರು, ಈ ಮೂರೇ ನಮ್ಮ ಕಡೆ. ಅದನ್ನ ಬಿಡ್ಬೇಡಿ, ಬಿಲ್ಲಿಗಿಂತ ದೊಡ್ಡ ತ್ರಾಸ ಅದು, ಕೆಳಗೆ ಹೊನ್ನಾವರದವರ ಪ್ರಶ್ನೆ ನೋಡಿ.

ಗೃಹಜ್ಯೋತಿ ಲೆಕ್ಕ ಒಂದು ಸಲ ಹೇಳಿಬಿಡ್ತೇನೆ, ಎಲ್ಲರೂ 200 ಯೂನಿಟ್ ಪುಕ್ಕಟೆ ಅಂದ್ಕೊಂಡಿದಾರೆ. 2022-23ರಲ್ಲಿ ನಿಮ್ಮನೆ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ನೂರಕ್ಕೆ ಹತ್ತು ಸೇರಿಸಿದ್ದು ನಿಮ್ಮ ಪಾಲು. ನಿಮ್ಮದು 80 ಇದ್ದಿರ್ಬೇಕು, ಅದಕ್ಕೇ 88. ಅದರ ಮೇಲೆ ಆದದ್ದಕ್ಕೆ ದುಡ್ಡು ಕಟ್ಬೇಕು, 200 ದಾಟಿದ್ರೆ ಇಡೀ ಬಿಲ್ಲೇ ನಿಮ್ಮ ತಲೆ ಮೇಲೆ.

ಪ್ರಶ್ನೆ: ಒಂದು ತಿಂಗಳು ಗಾಡಿ ನಿಲ್ಲಿಸಿದ್ರೆ ಬ್ಯಾಟರಿ ಸತ್ತೇ ಹೋಗ್ತದೆ. ಹೊಸಾ ಬ್ಯಾಟರಿ ಹಾಕಿ ಆರು ತಿಂಗಳಾಗಿಲ್ಲ. ಅಂಗಡಿಯವರು ಬ್ಯಾಟರಿ ಸರಿ ಇದೆ ಅಂತಾರೆ.
(ಅಂಕೋಲಾ)

ಉತ್ತರ: ಅಂಗಡಿಯವರು ಸುಳ್ಳು ಹೇಳ್ತಿಲ್ಲ ಅನ್ಸ್ತದೆ. ಕೀ ತೆಗೆದ ಮೇಲೂ ಗಾಡಿ ಹನಿ ಹನಿ ಕರೆಂಟು ಕುಡೀತಾ ಇರ್ತದೆ, ಗಡಿಯಾರ, ಸೆಂಟ್ರಲ್ ಲಾಕ್, ಇಂಜಿನ್ ಕಂಪ್ಯೂಟರ್. ಅದು 50 ಮಿಲಿ ಆಂಪಿಯರ್ ಒಳಗಿದ್ರೆ ಅಡ್ಡಿಲ್ಲ ಅಂತಾರೆ. ಆದ್ರೆ ಆ ಐವತ್ತೇ ದಿನಕ್ಕೆ 1.2 ಆಂಪಿಯರ್ ಅವರ್, ತಿಂಗಳಿಗೆ 36. ಸಣ್ಣ ಗಾಡಿಯ ಬ್ಯಾಟರಿನೇ 35ರ ಆಸುಪಾಸು. ಅಂದ್ರೆ ಯಾರ ತಪ್ಪೂ ಇಲ್ದೆ ಸಾಯ್ತದೆ.

ಅಳೆದು ನೋಡ್ಬೇಕಂದ್ರೆ ಬಾನೆಟ್ ತೆಗೆದು ಬಾಗಿಲು ಹಾಕಿ ಅರ್ಧ ತಾಸು ಬಿಡಿ, ಗಾಡಿ ಪೂರ್ತಿ ನಿದ್ದೆ ಹೋಗ್ಲಿ. ಮಲ್ಟಿಮೀಟರ್ (ವೋಲ್ಟು, ಆಂಪಿಯರ್ ಅಳೆಯೋ ಕೈ ಮೀಟರ್) 10 ಆಂಪಿಯರ್ ಕಡೆ ಇಟ್ಟು, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ನೆಗೆಟಿವ್ ಕಂಬಕ್ಕೂ (ಟರ್ಮಿನಲ್) ಆ ವೈರಿಗೂ ನಡುವೆ ಸೇರಿಸಿ. ಆಗ ಮಾತ್ರ ಕೀ ತಿರುಗಿಸ್ಬೇಡಿ, ಸ್ಟಾರ್ಟರ್ ಎಳೆದ್ರೆ ಮೀಟರ್ ಹೊಗೆ. ಜಾಸ್ತಿ ತೋರಿಸಿದ್ರೆ ಒಂದೊಂದೇ ಫ್ಯೂಸ್ ಕೀಳ್ತಾ ಹೋಗಿ, ಯಾವುದು ಕಿತ್ತಾಗ ಅಂಕಿ ಇಳೀತೋ ಅದೇ ಕಳ್ಳ. ನಾನು ಬಿಚ್ಚಿದ್ರಲ್ಲಿ ಹತ್ತಕ್ಕೆ ಏಳು ಸಲ ಆಮೇಲೆ ಹಾಕಿಸಿದ ಸ್ಟೀರಿಯೋನೇ ಸಿಕ್ಕಿದ್ದು.

ಇಷ್ಟೆಲ್ಲಾ ತ್ರಾಸ ಯಾಕೆ ಅಂದ್ರೆ, ತಿಂಗಳುಗಟ್ಟಲೆ ನಿಲ್ಲಿಸೋ ಗಾಡಿಯ ನೆಗೆಟಿವ್ ವೈರ್ ಬಿಚ್ಚಿಡಿ, 10 ನಂಬರ್ ಸ್ಪ್ಯಾನರ್ ಸಾಕು. ಎರಡೂ ವೈರ್ ಬಿಚ್ಚೋವಾಗ ನೆಗೆಟಿವ್ ಮೊದ್ಲು, ಹಾಕೋವಾಗ ನೆಗೆಟಿವ್ ಕೊನೆಗೆ. ಉಲ್ಟಾ ಮಾಡಿದ್ರೆ ಸ್ಪ್ಯಾನರ್ ಬಾಡಿಗೆ ತಾಗಿ ಕಿಡಿ ಹಾರ್ತದೆ, ಚಾರ್ಜ್ ಆಗ್ತಾ ಇರೋ ಬ್ಯಾಟರಿ ಪಕ್ಕ ಹೈಡ್ರೋಜನ್ ಇರ್ತದೆ ಅನ್ನೋದು ನೆನಪಿರ್ಲಿ. ಮಲ್ಟಿಮೀಟರ್ ತಗೊಳ್ಳೋದಾದ್ರೆ ಇಷ್ಟು ಬರೆದು ಶೆಡ್ ಗೋಡೆಗೆ ಅಂಟಿಸಿ: ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ಅಂದ್ರೆ ತುಂಬಿದೆ, 12.2 ಅಂದ್ರೆ ಅರ್ಧ, ಇಂಜಿನ್ ಓಡ್ತಾ ಇದ್ದಾಗ 13.8ರಿಂದ 14.5 ಇಲ್ದಿದ್ರೆ ಡೈನಮೋ ನೋಡ್ಬೇಕು (ಆಲ್ಟರ್ನೇಟರ್ ಅನ್ನಿ, ನಮ್ಮ ಬಾಯಲ್ಲಿ ಡೈನಮೋನೇ).

ಪ್ರಶ್ನೆ: ಗಾಡಿ ತೊಳೆಯೋ ಪ್ರೆಶರ್ ಪಂಪ್ ತಂದಿದೇನೆ. ಅಂಗಳದಲ್ಲಿ ತೊಳೆಯೋವಾಗ ಬಾಡಿ ಮುಟ್ಟಿದ್ರೆ ಜುಮ್ ಅಂತದೆ. ಚಪ್ಪಲಿ ಹಾಕ್ಕೊಂಡ್ರೆ ಏನೂ ಆಗೋದಿಲ್ಲ. ಹಾಗಾಗಿ ಚಪ್ಪಲಿ ಹಾಕ್ಕೊಂಡೇ ತೊಳೀತಾ ಇದೇನೆ. ಏನಾದ್ರೂ ತೊಂದ್ರೆ ಇದೆಯಾ?
(ಹೊನ್ನಾವರ)

ಉತ್ತರ: ಅಣ್ಣಾ, ಇದನ್ನ ಓದಿ ಮುಗಿಸೋ ಮೊದ್ಲು ಹೋಗಿ ಆ ಪ್ಲಗ್ ಕಿತ್ತು ಬನ್ನಿ.

ಬಂದ್ರಾ? ಈಗ ಕೇಳಿ. ಪಂಪಿನ ಮೋಟರ್ ಒಳಗೆ ಎಲ್ಲೋ ಫೇಸ್ ವೈರು ಬಾಡಿಗೋ ನೀರಿಗೋ ತಾಗಿದೆ. ಆ ಕರೆಂಟು ನೆಲಕ್ಕೆ ಹೋಗ್ಬೇಕು, ಅದಕ್ಕೆ ಅಂತಲೇ ಪ್ಲಗ್ಗಿನ ಮೂರನೇ ದಪ್ಪ ಪಿನ್ ಇರೋದು. ನಿಮ್ಮನೇಲಿ ಒಂದೋ ಆ ಪಿನ್ ಮುರಿದು ಎರಡು ಪಿನ್ನಿನ ಬೋರ್ಡಿಗೆ ತುರುಕಿದೀರಿ, ಇಲ್ಲಾ ಎಕ್ಸ್‌ಟೆನ್ಶನ್ ವೈರಲ್ಲಿ ಎರಡೇ ಎಳೆ ಇದೆ, ಇಲ್ಲಾ ಮನೆಗೆ ಅರ್ಥಿಂಗ್ ಹೆಸರಿಗೆ ಮಾತ್ರ ಇದೆ. ನೆಲಕ್ಕೆ ದಾರಿ ಸಿಗದ ಕರೆಂಟು ಕಾರಿನ ಬಾಡಿ ಮೇಲೆ ಕಾಯ್ತಾ ಕೂತಿರ್ತದೆ, ಯಾಕಂದ್ರೆ ಕಾರು ನಾಲ್ಕು ರಬ್ಬರ್ ಟಯರ್ ಮೇಲೆ ನಿಂತಿದೆ. ನೀವು ಒದ್ದೆ ಚಿರೆಕಲ್ಲಿನ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಮುಟ್ಟಿದ್ರಿ, ದಾರಿ ಸಿಕ್ತು. ಆ ದಾರಿ ನೀವೇ. ಇವತ್ತು ಚಪ್ಪಲಿ ಒಣಗಿದೆ ಅಂತ ಜುಮ್ ಅನ್ಲಿಲ್ಲ, ನಾಳೆ ಚಪ್ಪಲಿನೂ ನೆನೆದಿರ್ತದೆ, ಅಥವಾ ಪಕ್ಕದಲ್ಲಿ ಮಗು ಬಂದು ಬಾಗಿಲು ಹಿಡೀತದೆ.

ಮಾಡ್ಬೇಕಾದ್ದು ಎರಡು. ಪಂಪನ್ನ ರಿಪೇರಿಗೆ ಕೊಡಿ, ಅದು ಸರಿಯಾಗೋವರೆಗೆ ಬಕೆಟ್ಟು, ಬಟ್ಟೆ. ಎರಡನೇದು ಮನೆಯ ಮೇನ್ ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಎಲೆಕ್ಟ್ರೀಷಿಯನ್ ಹತ್ರ ಇಎಲ್‌ಸಿಬಿ ಅಂತ ಕೇಳಿದ್ರೂ ಅದನ್ನೇ ಕೊಡ್ತಾರೆ. ಅದು ಒಳಗೆ ಹೋದ ಕರೆಂಟು, ವಾಪಸ್ ಬಂದ ಕರೆಂಟು ಎರಡನ್ನೂ ತೂಗಿ ನೋಡ್ತಾ ಇರ್ತದೆ, 30 ಮಿಲಿ ಆಂಪಿಯರಿನಷ್ಟು ವ್ಯತ್ಯಾಸ ಬಂದ್ರೆ ಕಣ್ಣು ಮಿಟುಕೋದ್ರೊಳಗೆ ಕಟ್. ಎಂಸಿಬಿ ಇದೆಯಲ್ಲ ಸಾಕು ಅಂತ ಬಹಳ ಜನ ಹೇಳ್ತಾರೆ, ಸಾಕಾಗೋದಿಲ್ಲ, ಎಂಸಿಬಿ ವೈರ್ ಸುಡದ ಹಾಗೆ ಕಾಯ್ತದೆ, ನಿಮ್ಮನ್ನಲ್ಲ. ಆರ್‌ಸಿಸಿಬಿ ಮೇಲೆ ಟಿ ಅಂತ ಬರೆದ ಒಂದು ಬಟನ್ ಇರ್ತದೆ, ತಿಂಗಳಿಗೊಮ್ಮೆ ಒತ್ತಿ ನೋಡಿ, ಬೀಳ್ಬೇಕು.

ಅರ್ಥಿಂಗ್ ವಿಷಯದಲ್ಲಿ ನಮ್ಮ ನೆಲದ್ದು ಒಂದು ತಕರಾರು ಇದೆ. ಚಿರೆಕಲ್ಲಿನ ನೆಲ ಮಳೆಗಾಲದಲ್ಲಿ ಸಾಪಾಗಿ ಕರೆಂಟು ಎಳ್ಕೊಳ್ತದೆ, ಏಪ್ರಿಲ್ ಮೇ ತಿಂಗಳಲ್ಲಿ ಒಣಗಿ ಇಟ್ಟಿಗೆ ಆಗಿಬಿಡ್ತದೆ. ಇದ್ದಿಲು, ಉಪ್ಪು ಹಾಕಿ ಹುಗಿದ ಪ್ಲೇಟ್ ಆದ್ರೂ ನೀರಿಲ್ದಿದ್ರೆ ವೇಸ್ಟು. ಅಂಗಳದಲ್ಲಿ ಆ ಪ್ಲೇಟಿಗೆ ನೀರು ಹಾಕೋ ಪೈಪಿನ ಬಾಯಿ ಎಲ್ಲಿದೆ ಅಂತ ಹುಡುಕಿ, ಬಹಳ ಮನೇಲಿ ಅದರ ಮೇಲೆ ತುಳಸಿ ಕಟ್ಟೆ ಸುತ್ತ ಸಿಮೆಂಟ್ ಹೊಡೆದುಬಿಟ್ಟಿರ್ತಾರೆ, ಬೇಸಿಗೆಯಲ್ಲಿ ವಾರಕ್ಕೆ ಎರಡು ಕೊಡ ನೀರು ಹಾಕಿ.

ಕಾರಿನ ಅಡಿ ಕೆಲಸ ಮಾಡೋವಾಗ 230 ವೋಲ್ಟಿನ ಬಲ್ಬು ವೈರಿಗೆ ನೇತಾಕ್ಕೊಂಡು ಹೋಗೋರಿಗೂ ಇದೇ ಮಾತು. ಕಾರಿನ ಬ್ಯಾಟರಿಗೇ ಕ್ಲಿಪ್ ಹಾಕೋ 12 ವೋಲ್ಟಿನ ಎಲ್‌ಇಡಿ ಸಿಗ್ತದೆ, ಬೆಳಕೂ ಚೊಲೋ, ಜೀವಕ್ಕೂ ಚೊಲೋ.

ಪ್ರಶ್ನೆ: ಸೈಲೆನ್ಸರ್ ತೂತಾಗಿದೆ. ಮನೇಲೇ ಸಣ್ಣ ವೆಲ್ಡಿಂಗ್ ಮಶಿನ್ ತಂದು ಹೊಡೀಬಹುದಾ?
(ಭಟ್ಕಳ)

ಉತ್ತರ: ಬೇಡ. ಮನೆ ಮಂಜೂರಿ ಲೋಡು (ಕರೆಂಟಿನವರು ಎಳೀಲಿಕ್ಕೆ ಒಪ್ಪಿದ ಮಿತಿ) ಒಂದೆರಡು ಕಿಲೋವಾಟ್ ಇರ್ತದೆ, ಮಶಿನ್ ಪೂರ್ತಿ ಆಂಪಿಯರಿಗೆ ಇಟ್ರೆ ಅದರ ಎರಡು ಮೂರು ಪಟ್ಟು ಎಳೀತದೆ, ಪಕ್ಕದ ಮನೆ ಟಿವಿ ಕಣ್ಣು ಹೊಡೀಲಿಕ್ಕೆ ಶುರು ಮಾಡ್ತದೆ. ಸೈಲೆನ್ಸರ್ ಬಿಚ್ಚಿ ಪೇಟೆಗೆ ತಗೊಂಡು ಹೋಗಿ. ಗಾಡಿ ಮೇಲೇ ಹೊಡೆಸೋದಾದ್ರೆ ಬ್ಯಾಟರಿ ವೈರ್ ಬಿಚ್ಚಿಸಿ ಆಮೇಲೆ ಹೊಡೆಸಿ, ಇಲ್ದಿದ್ರೆ ಸೈಲೆನ್ಸರಿನ ಖರ್ಚಿಗೆ ಕಂಪ್ಯೂಟರಿನ ಖರ್ಚು ಸೇರ್ತದೆ.

ಪ್ರಶ್ನೆ: ಎರಡು ಎಚ್‌ಪಿ ಏರ್ ಕಂಪ್ರೆಸರ್ ತಂದೆ. ಮನೆ ಜಗಲಿಯಲ್ಲಿ ಹಾಕಿದ್ರೆ ಓಡ್ತದೆ, ಶೆಡ್ಡಿಗೆ ತಗೊಂಡು ಹೋದ್ರೆ ಹ್ಞೂಂ ಅಂತ ಗುಂಯ್‌ಗುಡ್ತದೆ, ತಿರುಗೋದಿಲ್ಲ. ಸಂಜೆ ಹೊತ್ತು ಜಗಲಿಯಲ್ಲೂ ಹಾಗೇ.
(ಯಲ್ಲಾಪುರ)

ಉತ್ತರ: ನಿಮ್ಮ ಪತ್ರದಲ್ಲೇ ಉತ್ತರ ಇದೆ. ಶೆಡ್ಡು ದೂರ, ಸಂಜೆ ವೋಲ್ಟೇಜ್ ಕಮ್ಮಿ. ಮೋಟರ್ ಶುರುವಾಗೋ ಗಳಿಗೆಯಲ್ಲಿ ಓಡೋವಾಗಿನದ್ದಕ್ಕಿಂತ ಐದಾರು ಪಟ್ಟು ಕರೆಂಟು ಕೇಳ್ತದೆ. ನಿಮ್ಮ ಎಕ್ಸ್‌ಟೆನ್ಶನ್ ವೈರ್ ಒಂದು ಚದರ ಮಿಲಿಮೀಟರಿಂದು, ಮೂವತ್ತು ಮೀಟರ್ ಉದ್ದ ಅಂದ್ಕೊಳ್ಳಿ. ಹೋಗಿ ಬರೋ ಅರವತ್ತು ಮೀಟರ್ ತಾಮ್ರದಲ್ಲಿ 10 ಆಂಪಿಯರಿಗೇ ಹತ್ತು ಹನ್ನೊಂದು ವೋಲ್ಟ್ ಮಾಯ. 50 ಆಂಪಿಯರ್ ಎಳೆದ ಗಳಿಗೆಯಲ್ಲಿ ಐವತ್ತಕ್ಕೂ ಮೇಲೆ ಮಾಯ. ಲೈನಿನ ತುದಿಯ ಮನೆಗೆ ಬರೋದೇ 190 ಆದ್ರೆ ಮೋಟರಿಗೆ ಸಿಗೋದು ಎಷ್ಟು? ತಿರುಗೋದಿಲ್ಲ, ತಿರುಗದ ಮೋಟರ್ ಹೀಟರ್ ಆಗ್ತದೆ.

ನಾನೂ ಹೀಗೇ ಒಂದು ಸುಟ್ಟಿದ್ದೇನೆ, ಹೇಳ್ಲಿಕ್ಕೆ ನಾಚಿಕೆ. ವೈರ್ ಉದ್ದ ಸಾಲ್ದು ಅಂತ ಎರಡು ಎಕ್ಸ್‌ಟೆನ್ಶನ್ ಗಂಟು ಹಾಕಿ, ಉಳಿದದ್ದನ್ನ ಸುರುಳಿ ಸುತ್ತಿ ಹುಲ್ಲಿನ ಪಕ್ಕ ಇಟ್ಟು ಟಯರಿಗೆ ಗಾಳಿ ಹಾಕ್ತಾ ಇದ್ದೆ. ಮೊದ್ಲು ಮೀನು ಸುಟ್ಟ ಹಾಗೆ ಒಂದು ವಾಸನೆ, ತಿರುಗಿ ನೋಡಿದ್ರೆ ಸುರುಳಿಯ ಮಧ್ಯದ ವೈರು ಹೋಳಿಗೆ ಹೂರಣದ ಹಾಗೆ ಕರಗಿ ಒಂದಕ್ಕೊಂದು ಅಂಟಿದೆ. ಹುಲ್ಲಿಗೆ ಹತ್ತಿಲ್ಲ, ದೇವರು ದೊಡ್ಡವನು. ಸುತ್ತಿಟ್ಟ ವೈರಿನ ಬಿಸಿ ಹೊರಗೆ ಹೋಗ್ಲಿಕ್ಕೆ ಜಾಗ ಇರೋದಿಲ್ಲ, ಜಾಸ್ತಿ ಲೋಡಿಗೆ ಪೂರ್ತಿ ಬಿಚ್ಚಿ ಹಾಸ್ಬೇಕು.

ಶೆಡ್ಡಿಗೆ 2.5 ಚದರ ಮಿಲಿಮೀಟರಿನ ಬೇರೆ ಲೈನು ಎಳೆಸಿ, ಕಂಪ್ರೆಸರ್ ಶುರು ಮಾಡೋ ಮೊದ್ಲು ಟ್ಯಾಂಕಿನ ಗಾಳಿ ಪೂರ್ತಿ ಬಿಡಿ, ಬೆಳಿಗ್ಗೆ ಹೊತ್ತು ಕೆಲಸ ಇಟ್ಕೊಳ್ಳಿ. ಬರೇ ಟಯರಿಗೆ ಗಾಳಿ ಹಾಕ್ಲಿಕ್ಕೆ ಅಂತ ತಂದದ್ದಾದ್ರೆ, ಬೇಜಾರು ಮಾಡ್ಕೋಬೇಡಿ, ಕಾರಿನ ಸಿಗರೇಟ್ ಲೈಟರ್ ತೂತಿಗೆ ಹಾಕೋ ಸಣ್ಣ ಪಂಪೇ ಸಾಕಿತ್ತು.

ಪ್ರಶ್ನೆ: ನಾವು ಬೀಚಿನ ಹತ್ರ ಇರೋದು. ಬ್ಯಾಟರಿ ಕಂಬದ ಮೇಲೆ ಬಿಳಿ ಹಸಿರು ಹೂವು ಬೆಳೀತದೆ, ಹೆಡ್‌ಲೈಟ್ ಮಂದ, ಸೆಲ್ಫ್ ನಿಧಾನ. ಬ್ಯಾಟರಿ ಬದಲಿಸಿದ್ರೂ ಅದೇ ಕತೆ.
(ಕಾರವಾರ)

ಉತ್ತರ: ಕಾರವಾರದ ಗಾಳಿಯಲ್ಲಿ ಉಪ್ಪು ಇದೆ, ಊಟಕ್ಕೆ ಬೇರೆ ಹಾಕ್ಬೇಕಾಗಿಲ್ಲ ಅಂತ ನಮ್ಮ ಸೋದರತ್ತೆ ಹೇಳ್ತಿದ್ರು. ಹೂವು ತೆಗೀಲಿಕ್ಕೆ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ, ಹಳೇ ಹಲ್ಲುಜ್ಜೋ ಬ್ರಷ್ಷು. ಬುರ್ ಅಂತ ನೊರೆ ಬರ್ತದೆ, ಮುಚ್ಚಳದ ತೂತಿನಿಂದ ಒಳಗೆ ಹೋಗದ ಹಾಗೆ ನೋಡ್ಕೊಳ್ಳಿ. ಒಣಗಿಸಿ, ಮರಳು ಕಾಗದದಲ್ಲಿ ತಿಕ್ಕಿ, ಬಿಗಿ ಮಾಡಿ, ಮೇಲಿಂದ ವ್ಯಾಸಲಿನ್. ಮೊದ್ಲೇ ಹಚ್ಚಿ ಆಮೇಲೆ ಬಿಗಿ ಮಾಡ್ಬೇಡಿ.

ಆದ್ರೆ ಬ್ಯಾಟರಿ ಬದಲಿಸಿದ್ರೂ ಹೋಗ್ಲಿಲ್ಲ ಅಂದ್ರೆ ನನ್ನ ಕಣ್ಣು ಅರ್ಥ್ ಪಟ್ಟಿ ಮೇಲೆ. ಬ್ಯಾಟರಿ ನೆಗೆಟಿವ್‌ನಿಂದ ಬಾಡಿಗೆ, ಬಾಡಿಯಿಂದ ಇಂಜಿನ್ನಿಗೆ ಹೋಗೋ ಹೆಣೆದ ತಾಮ್ರದ ಪಟ್ಟಿ. ಅದರ ಬೋಲ್ಟ್ ಅಡಿ ತುಕ್ಕು ಹಿಡಿದ್ರೆ ಹೊರಗಿಂದ ಗೊತ್ತೇ ಆಗೋದಿಲ್ಲ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಬರೀ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ದಾಟಿದ್ರೆ ಅದೇ ರೋಗ. ಬಿಚ್ಚಿ ತಿಕ್ಕಿ ಹಾಕಿ, ಖರ್ಚು ಸೊನ್ನೆ.

ಇನ್ನೊಂದು, ಬಾಗಿಲಿನ ಅಡಿ ಅಂಚಲ್ಲಿ ನೀರು ಹೋಗೋ ಸಣ್ಣ ತೂತುಗಳಿರ್ತವೆ, ಮರಳು, ಎಲೆ ತುಂಬಿ ಮುಚ್ಚಿರ್ತವೆ. ಹಿಡಿಕಡ್ಡಿಯಿಂದ ಚುಚ್ಚಿ ತೆಗೀರಿ, ನಮ್ಮ ಕಡೆ ಕಾರು ಕೊಳೆಯೋದು ಅಲ್ಲಿಂದಲೇ.

ಪ್ರಶ್ನೆ: ಕೈಗಾ ಅಣು ವಿದ್ಯುತ್ ಸ್ಥಾವರ ನಮ್ಮ ಜಿಲ್ಲೆಯಲ್ಲಿ, ಕದ್ರಾ, ಕೊಡಸಳ್ಳಿ ಅಣೆಕಟ್ಟು ನಮ್ಮ ಜಿಲ್ಲೆಯಲ್ಲಿ, ಆದ್ರೂ ಮಳೆ ಬಂದ್ರೆ ಎರಡು ದಿನ ಕರೆಂಟಿಲ್ಲ. ಕಾರಿನ ಬ್ಯಾಟರಿ ಇನ್ವರ್ಟರಿಗೆ ಹಾಕ್ಬಹುದಾ? ಕಾರು ಶುರುವಾಗದಿದ್ರೆ ಇನ್ವರ್ಟರ್ ಬ್ಯಾಟರಿಯಿಂದ ಎಬ್ಬಿಸ್ಬಹುದಾ?
(ಜೋಯಿಡಾ)

ಉತ್ತರ: ನಿಮ್ಮ ಸಿಟ್ಟು ಅರ್ಥ ಆಗ್ತದೆ. ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ ಕಡೆಗೆ ನಿಲ್ಲೋವರೆಗೆ 962 ದಿನ ಒಂದೇ ಸಮ ಓಡಿ ಜಗತ್ತಿನ ದಾಖಲೆ ಮಾಡಿತ್ತು, ನಾವು ಅದೇ ಹೊತ್ತಿಗೆ ಚಿಮಣಿ ಹಚ್ಚಿ ಕೂತಿದ್ವಿ. ತಯಾರಾದ ಕರೆಂಟು ದೊಡ್ಡ ಲೈನಲ್ಲಿ ಹೋಗ್ತದೆ, ನಮ್ಮನೆಗೆ ಬರೋ ಸಣ್ಣ ಲೈನು ಕಾಡಿನ ಮಧ್ಯ ಬರ್ತದೆ, ಒಂದು ಮತ್ತಿ ಮರ ಬಿದ್ರೆ ಮುಗೀತು. ಆ ಮಳೇಲಿ ಕಂಬ ಹತ್ತೋ ಲೈನ್‌ಮನ್‌ಗೆ ಬೈಬೇಡಿ.

ಪ್ರಶ್ನೆಗೆ ಬರೋಣ. ಕಾರಿನದ್ದನ್ನ ಇನ್ವರ್ಟರಿಗೆ, ಬೇಡ. ಕಾರಿನ ಬ್ಯಾಟರಿ ಒಳಗಿನ ಪ್ಲೇಟು ತೆಳ್ಳಗೆ, ಎರಡು ಮೂರು ಸೆಕೆಂಡು ಜೋರಾಗಿ ಕರೆಂಟು ಕೊಡ್ಲಿಕ್ಕೆ ಮಾಡಿದ್ದು. ಅದನ್ನ ಪೂರ್ತಿ ಖಾಲಿ ಮಾಡೋದು ಪದೇ ಪದೇ ಆದ್ರೆ ಒಂದು ಮಳೆಗಾಲನೂ ಬಾಳೋದಿಲ್ಲ. ಮೊಬೈಲ್ ಚಾರ್ಜ್ ಮಾಡ್ಲಿಕ್ಕೆ ಅಡ್ಡಿಲ್ಲ, ಐದಾರು ಮೊಬೈಲ್ ಆರಾಮ, ಅದರ ಮೇಲೆ ಇಂಜಿನ್ ಶುರು ಮಾಡಿ. ಶುರು ಮಾಡೋದು ಅಂಗಳದಲ್ಲಿ, ಬಾಗಿಲು ಹಾಕಿದ ಶೆಡ್ಡಲ್ಲಿ ಇಂಜಿನ್ ಓಡಿಸಿದ್ರೆ ಕಾರ್ಬನ್ ಮೊನಾಕ್ಸೈಡ್, ವಾಸನೆನೂ ಬರೋದಿಲ್ಲ, ಎಚ್ಚರನೂ ಆಗೋದಿಲ್ಲ.

ಇನ್ವರ್ಟರಿಂದ ಕಾರು ಎಬ್ಬಿಸೋದು ಆಗ್ತದೆ. 150 ಆಂಪಿಯರ್ ಅವರಿನ ಟ್ಯೂಬುಲರ್ ಬ್ಯಾಟರಿ ಸಣ್ಣ ಪೆಟ್ರೋಲ್ ಕಾರನ್ನ ಎಬ್ಬಿಸ್ತದೆ. ಇನ್ವರ್ಟರ್ ಆರಿಸಿ ಅದರ ವೈರ್ ಬಿಚ್ಚಿ ಆಮೇಲೆ ಜಂಪರ್ (ಎರಡು ಬ್ಯಾಟರಿ ಜೋಡಿಸೋ ದಪ್ಪ ಕೆಂಪು, ಕಪ್ಪು ವೈರ್) ಹಾಕಿ. ಎರಡು ಬ್ಯಾಟರಿಯ ಇನ್ವರ್ಟರ್ ಇದ್ದೋರು ಹುಷಾರು, ಎರಡೂ ಜೋಡಿಸಿದ್ದು 24 ವೋಲ್ಟ್, ಅದನ್ನ ಹಾಗೇ ಕಾರಿಗೆ ಕೊಟ್ರೆ ಕಾರಿನ ಕಂಪ್ಯೂಟರಿಗೆ ತಿಥಿ, ಒಂದೇ ಬ್ಯಾಟರಿಯಿಂದ ತಗೊಳ್ಳಿ. ಕೆಂಪು ಕೆಂಪಿಗೆ, ಆಮೇಲೆ ಕಪ್ಪು ಒಳ್ಳೇ ಬ್ಯಾಟರಿಗೆ, ಕಡೇ ತುದಿ ಸತ್ತ ಬ್ಯಾಟರಿಗಲ್ಲ, ಇಂಜಿನ್ನಿನ ಲೋಹಕ್ಕೆ.

ಪ್ರಶ್ನೆ: ಎಲೆಕ್ಟ್ರಿಕ್ ಕಾರು ತಗೊಳ್ಳೋ ಯೋಚನೆ. ದಿನಾ ಫ್ರಿಜ್ ಪಕ್ಕದ ದೊಡ್ಡ ಪ್ಲಗ್ಗಿಗೆ ಹಾಕಿದ್ರೆ ಸಾಕಲ್ಲ? ಬಿಲ್ಲು ಎಷ್ಟಾಗ್ಬಹುದು?
(ಕುಮಟಾ)

ಉತ್ತರ: ಪ್ಲಗ್ ಅದೇ ಸೈಜು, ಹಿಂದಿನ ವೈರ್ ಯಾವ ಸೈಜು ಅಂತ ಗೊತ್ತಾ? ಮಿಕ್ಸಿ ಎರಡು ನಿಮಿಷ ಓಡ್ತದೆ, ಕಾರು 15 ಆಂಪಿಯರ್ ಹತ್ತು ತಾಸು ಒಂದೇ ಸಮ ಎಳೀತದೆ. ಸಡಿಲ ಆದ ಹಳೇ ಪ್ಲಗ್ಗು ಅಷ್ಟು ಹೊತ್ತಿಗೆ ಕರಗ್ತದೆ. ಮೇನ್ ಬೋರ್ಡಿಂದ 4 ಚದರ ಮಿಲಿಮೀಟರಿನ ಬೇರೆ ಲೈನು, ಅದಕ್ಕೇ ಬೇರೆ ಎಂಸಿಬಿ, ಆರ್‌ಸಿಸಿಬಿ, ಚೊಲೋ ಅರ್ಥಿಂಗ್. ಮಂಜೂರಿ ಲೋಡೂ ಏರಿಸ್ಬೇಕಾಗ್ತದೆ, ಆ ಪ್ಲಗ್ಗೊಂದೇ 3 ಕಿಲೋವಾಟ್ ದಾಟ್ತದೆ.

ಸಣ್ಣ ಎಲೆಕ್ಟ್ರಿಕ್ ಕಾರು ಒಂದು ಯೂನಿಟ್ಟಿಗೆ ಆರೇಳು ಕಿಲೋಮೀಟರ್ ಹೋಗ್ತದೆ ಅಂತ ಇಟ್ಕೊಳ್ಳಿ. ದೇವಿಮನೆ ಘಾಟಿ ಹತ್ತೋವಾಗ ಕುಡೀತದೆ, ಇಳಿಯೋವಾಗ ಹನಿ ವಾಪಸ್ ಕೊಡ್ತದೆ. ತಿಂಗಳಿಗೆ ಸಾವಿರ ಕಿಲೋಮೀಟರ್ ಅಂದ್ರೆ ಚಾರ್ಜಿಂಗ್ ನಷ್ಟ ಸೇರಿ 170 ಯೂನಿಟ್ ಆಸುಪಾಸು. ಮನೆಯದ್ದು ನೂರು ಇದ್ರೆ 200 ದಾಟಿತು, ಗೃಹಜ್ಯೋತಿಗೆ ನಮಸ್ಕಾರ, ಇಡೀ ಬಿಲ್ಲು ಕಟ್ಬೇಕು. ಯೂನಿಟ್ಟಿಗೆ ಆರು ರೂಪಾಯಿ ಲೆಕ್ಕ ಹಿಡಿದ್ರೂ 270 ಯೂನಿಟ್ಟಿಗೆ 1600 ಚಿಲ್ಲರೆ, ಮೇಲೆ ನಿಗದಿತ ಶುಲ್ಕ. ಅದೇ ಸಾವಿರ ಕಿಲೋಮೀಟರಿಗೆ ಲೀಟರಿಗೆ 18 ಕೊಡೋ ಪೆಟ್ರೋಲ್ ಗಾಡಿ 55 ಲೀಟರ್ ಕುಡೀತದೆ, ಆ ದುಡ್ಡು ನೀವೇ ಹಾಕ್ಕೊಳ್ಳಿ. ತಿಂಗಳಿಗೆ ಇನ್ನೂರು ಮುನ್ನೂರು ಕಿಲೋಮೀಟರ್ ಮಾತ್ರ ಓಡಿಸೋರು ಬರೇ ಕರೆಂಟು ಉಳಿತಾಯ ನೋಡಿ ಹೊಸಾ ಕಾರು ತಗೊಳ್ಳೋದು ನನಗೆ ಮಳ್ಳು ಅನ್ಸ್ತದೆ.

ಪ್ರಶ್ನೆ: ಜಾಕ್ ಹಾಕಿ ಚಕ್ರದಡಿ ಚಿರೆಕಲ್ಲು ಇಟ್ಟು ಆಯಿಲ್ ಬದಲಿಸ್ತೇನೆ. ಗಟ್ಟಿ ಕಲ್ಲು, ಸಾಕಲ್ಲ?
(ಸಿದ್ದಾಪುರ)

ಉತ್ತರ: ಸಾಕಾಗೋದಿಲ್ಲ. ಗೋಡೆಯಲ್ಲಿ ಭಾರ ಇಡೀ ಕಲ್ಲಿನ ಮೇಲೆ ಹಂಚಿರ್ತದೆ, ಕಾರಿನ ಭಾರ ಅಂಗೈಯಷ್ಟು ಜಾಗದ ಮೇಲೆ ಬೀಳ್ತದೆ, ಚಿರೆಕಲ್ಲು ಹೇಳದೇ ಕೇಳದೇ ಪುಡಿ ಆಗ್ತದೆ. ಹಾಲೋ ಬ್ಲಾಕೂ ಹಾಗೇ. ಒಂದು ಜೊತೆ ಜಾಕ್ ಸ್ಟ್ಯಾಂಡ್ ತನ್ನಿ, ಇಲ್ಲಾ ದಪ್ಪ ಮರದ ತುಂಡು ಅಡ್ಡಡ್ಡ ಪೇರಿಸಿ. ಬಿಚ್ಚಿದ ಚಕ್ರನೂ ಬಾಡಿ ಅಡಿಗೇ ತಳ್ಳಿ ಇಡಿ. ಹಳೇ ಆಯಿಲ್ ಹೊಳೆಗೋ ತೋಟದ ಕಾಲುವೆಗೋ ಚೆಲ್ಬೇಡಿ, ಗೆದ್ದಲಿಗೆ ಅಂತ ಬೇಲಿ ಗೂಟಕ್ಕೆ ಹಚ್ಚೋದು ಎಲ್ಲಾ ಕಡೆ ಇದೆ, ಬಾವಿ ಹತ್ರದ ಗೂಟಕ್ಕೆ ಅದೂ ಬೇಡ, ಕ್ಯಾನಲ್ಲಿ ತುಂಬಿಸಿ ಗ್ಯಾರೇಜಿಗೆ ಕೊಡಿ.

ಪ್ರಶ್ನೆ: ಬ್ಯಾಟರಿಗೆ ಮಳೆ ನೀರು ಹಾಕ್ಬಹುದು ಅಂತ ನಮ್ಮಜ್ಜ ಹೇಳ್ತಿದ್ರು. ಹೌದಾ?
(ಗೋಕರ್ಣ)

ಉತ್ತರ: ಅಜ್ಜ ಪೂರ್ತಿ ತಪ್ಪಲ್ಲ. ಮಳೆ ನೀರಲ್ಲಿ ಬಾವಿ ನೀರಿನಷ್ಟು ಖನಿಜ ಇರೋದಿಲ್ಲ, ಹಾಗಾಗಿ ಹಿಂದೆಲ್ಲಾ ಹಿಡಿದಿಟ್ಟು ಹಾಕ್ತಿದ್ರು. ಆದ್ರೆ ಹಂಚಿನ ಮಾಡಿಂದ ಇಳಿದದ್ದು ಆಗೋದಿಲ್ಲ, ತಗಡಿನ ದೋಣಿಯಲ್ಲಿ ಹಿಡಿದದ್ದೂ ಆಗೋದಿಲ್ಲ, ಕಬ್ಬಿಣ ಸೇರ್ತದೆ. ಗೋಕರ್ಣದಲ್ಲಂತೂ ಸಮುದ್ರದ ಕಡೆಯಿಂದ ಬರೋ ಮಳೇಲಿ ಉಪ್ಪೂ ಇರ್ತದೆ, ಕ್ಲೋರೈಡ್ ಬ್ಯಾಟರಿ ಪ್ಲೇಟಿಗೆ ವಿಷ. ಡಿಸ್ಟಿಲ್ಡ್ ವಾಟರ್ ಐದು ಲೀಟರಿನ ಕ್ಯಾನ್ ಒಂದು ತಂದಿಡಿ, ಇನ್ವರ್ಟರಿಗೂ ಆಗ್ತದೆ, ಕಾರಿಗೂ ಆಗ್ತದೆ. ಕ್ಯಾನ್ ಮೇಲೆ ದೊಡ್ಡದಾಗಿ ಬರೆದು ಎತ್ತರದಲ್ಲಿ ಇಡಿ, ನಮ್ಮನೇಲಿ ಒಂದು ಸಲ ಯಾರೋ ಅದರಲ್ಲಿ ಚಾ ಮಾಡಿದ್ರು.